ಒತ್ತಿದ್ದು ಒಂದೇ ಸಲ

ಮೌನಮ್ಮನ ಹತ್ತಿರ ಫೋನ್ ಇರಲಿಲ್ಲ. ಅವಳ ಸಾಲಿನಲ್ಲಿ ಮೀನು ಮಾರಲು ಕೂಡುತ್ತಿದ್ದ ಉಳಿದ ಹತ್ತು ಹೆಂಗಸರಲ್ಲಿ ಕೆಲವರ ಹತ್ತಿರ ಇತ್ತು, ಆದರೆ ರಿಚಾರ್ಜ್ ಇರುತ್ತಿರಲಿಲ್ಲ. ಹಾಗಾಗಿ ಹೊಸ ಮೀನು ಮಾರುಕಟ್ಟೆಗೆ ಹೆಸರು ಬರೆದುಕೊಳ್ಳಲು ಪುರಸಭೆ ಆಫೀಸಿನವರು ಬಂದಾಗ ಎಲ್ಲರೂ ಮೌನಮ್ಮನ ಮಗ ಸಾಯಿಕುಮಾರನ ನಂಬರನ್ನೇ ಹೇಳಿದರು. ಅವನು ಆಟೋ ಓಡಿಸುತ್ತಿದ್ದ. ಅವನ ಫೋನ್ ಎಂದೂ ಬಂದ್ ಆಗುತ್ತಿರಲಿಲ್ಲ.

"ಎಲ್ಲಾರಿಗೂ ಇದಾ ನಂಬರೇನ್ರಿ?" ಎಂದಳು ಬರೆದುಕೊಳ್ಳುತ್ತಿದ್ದ ಗುಮಾಸ್ತೆ ಭಾಗ್ಯ.

"ಹೌದ್ರಿ ಮೇಡಂ. ನಮ್ಮ ಗಂಡಂದ್ರಕಿಂತ ಅವನಾ ಚಲೋ. ಕರದ್ರ ಓ ಅಂತಾನ," ಎಂದಳು ಮೌನಮ್ಮನ ಪಕ್ಕ ಕೂಡುವ ಸಾಯಬಮ್ಮ.

ಮೊದಲು ಆಫೀಸಿನ ಸುದ್ದಿ ಜವಾನ ಭಾಗಣ್ಣನ ಬಾಯಲ್ಲಿ ಬರುತ್ತಿತ್ತು. ಸಾಲಿನ ತುದಿಯಲ್ಲಿ ಕೂತವಳಿಗೆ ಹೇಳಿ, ಚೀಲಕ್ಕೆ ಎರಡು ಮೀನು ಹಾಕಿಸಿಕೊಂಡು ಹೋಗುತ್ತಿದ್ದ. ಅವಳು ಪಕ್ಕದವಳಿಗೆ ಹೇಳುವಳು, ಆ ಪಕ್ಕದವಳು ಮುಂದಿನವಳಿಗೆ. ಒಬ್ಬಳಿಗೆ ಹೇಳಿದರೆ ಸಾಲಿಗೆಲ್ಲ ಹೇಳಿದ ಹಾಗೆ. ಭಾಗಣ್ಣ ನಿವೃತ್ತನಾದ ಮೇಲೆ ಕಾಗದವೂ ನಿಂತಿತು. ಬಿಲ್ಲು, ನೋಟಿಸು ಎಲ್ಲ ಫೋನಿಗೇ ಬರತೊಡಗಿದವು.

ಹೊಸ ಮಾರುಕಟ್ಟೆಯಲ್ಲಿ ಕೂತು ಮಾರಲು ಒಬ್ಬೊಬ್ಬರಿಗೆ ಒಂದೊಂದು ಕಟ್ಟೆ, ನಲ್ಲಿ, ಮೇಲೆ ಛಾವಣಿ ಇತ್ತು. ಅವರು ಕೂಡುತ್ತಿದ್ದ ರಸ್ತೆ ಬದಿಯಲ್ಲಿ ಮಧ್ಯಾಹ್ನಕ್ಕೆ ಮೊದಲೇ ಭೀಮಾ ಹೊಳೆಯ ಮೀನು ಬಿಸಿಲಿಗೆ ಮೆತ್ತಗಾಗುತ್ತಿತ್ತು. ಮೆತ್ತಗಾದದ್ದು ನಾಯಿಗೆ.

ಮೆಸೇಜ್ ಬಂದಾಗ ಸಾಯಿಕುಮಾರ ಸ್ಟೇಷನ್ ಎದುರು ಸೀಟು ತುಂಬಿಸುತ್ತಿದ್ದ. ಕಟ್ಟೆ ಬೇಕಾದವರು ತಿಂಗಳೊಳಗೆ ಲಿಂಕ್ ಒತ್ತಬೇಕು ಎಂದಿತ್ತು. ಒತ್ತಿದ. ಒಪ್ಪಿಗೆ ದಾಖಲಾಗಿದೆ ಎಂದು ಬಂತು. ಫೋನ್ ಮತ್ತೆ ಮತ್ತೆ ಟಿಣ್ ಎನ್ನುತ್ತಲೇ ಇತ್ತು. ನೋಡಿದರೆ ಅದೇ ಮಾತು, ಅದೇ ಒಕ್ಕಣೆ. ಕೊನೆಯ ಸಾಲಿನಲ್ಲಿ ಒಂದು ಉದ್ದನೆಯ ಸಂಖ್ಯೆ ಮಾತ್ರ ಬೇರೆ. ಅದನ್ನು ಯಾರು ಓದುತ್ತಾರೆ? ರಿಚಾರ್ಜ್ ಕಂಪನಿಯವರ ಹಾಗೆ ಇವರೂ ಒಂದನ್ನೇ ಹತ್ತು ಸಲ ಕಳಿಸುತ್ತಾರೆ ಅಂದುಕೊಂಡು ಅಳಿಸಿಹಾಕಿದ.

"ಅವ್ವಾ, ಕಟ್ಟಿ ಮೆಸೇಜ್ ಬಂದಿತ್ತು. ಒತ್ತೀನಿ," ಎಂದ ಸಂಜೆ.

"ನಮ್ಮ ಸಾಯಿ ಒತ್ತ್ಯಾನಂತ," ಎಂದಳು ಮರುದಿನ ಮೌನಮ್ಮ, ಸಾಯಬಮ್ಮನಿಗೆ. ಅದು ಸಾಲಿನುದ್ದಕ್ಕೂ ಹೋಯಿತು. ಯಾರದನ್ನು ಒತ್ತಿದ ಎಂದು ಯಾರೂ ಕೇಳಲಿಲ್ಲ. ಸಾಲಿನದು ಎಂದೇ ಎಲ್ಲರೂ ತಿಳಿದರು.

ಕಟ್ಟೆ ಹಂಚಿದ ದಿನ ಮೌನಮ್ಮನ ಹೆಸರೊಂದೇ ಬಂತು. ಎಲ್ಲರೂ ಆಫೀಸಿಗೆ ಹೋದರು.

"ಒಬ್ಬೊಬ್ಬರಿಗಿ ಒಂದರಂಗ ಹನ್ನೊಂದು ಮೆಸೇಜ್ ಕಳಿಸೀವ್ರಿ," ಎಂದಳು ಭಾಗ್ಯ. "ಒಂದಕ್ಕಷ್ಟಾ ಉತ್ತರ ಬಂದದ. ಉಳಿದವರಿಗಿ ಬ್ಯಾಡಾಗ್ಯಾದ ಅಂತ ಬ್ಯಾರೆಯವರಿಗಿ ಕೊಟ್ಟಾರ."

"ಬ್ಯಾಡ ಅಂತ ನಾ ಯಾವಾಗ ಅಂದೆ?" ಎಂದಳು ಸಾಯಬಮ್ಮ.

"ಅರ್ಜಿ ಕೊಡ್ರಿ."

"ಕೊಟ್ರ, ಆದದ್ದು ಹೆಂಗ ತಿಳೀಬೇಕು?"

ಭಾಗ್ಯ ಕಂಪ್ಯೂಟರ್ ಕಡೆ ತಿರುಗಿದಳು. "ಮೆಸೇಜ್ ಬರ್ತದರಿ."

ಹೊರಗೆ ಸಾಯಿಕುಮಾರ ಆಟೋ ಪಕ್ಕ ನಿಂತಿದ್ದ. "ಅವ್ವನಾಣಿ ಚಿಗವ್ವಾ, ಎಲ್ಲಾ ಒಂದಾ ಅನ್ಕೊಂಡೆ."

"ಎಲ್ಲಾ ಒಂದಾ ಆಗಿದ್ರ, ನಿಮ್ಮವ್ವಂದಾ ಹೆಂಗ ಬರೋಬ್ಬರಿ ಕೈಗಿ ಹತ್ತಿತಪಾ?" ಎಂದಳು ಸಾಯಬಮ್ಮ.

ಮೊದಲು ಬಂದದ್ದು ಅದು, ಅಷ್ಟೇ. ಆದರೆ ಅಳಿಸಿದವನ ಹತ್ತಿರ ತೋರಿಸಲು ಏನೂ ಇರಲಿಲ್ಲ.

"ನನ್ನ ಕಟ್ಟಿ ಮ್ಯಾಲ ನೀನೂ ಕೂಡು ಬಾ," ಎಂದಳು ಮೌನಮ್ಮ.

"ನಿನ್ನ ಬುಟ್ಟಿ ಇಟ್ಟ ಮ್ಯಾಲ ನನ್ನ ಕುಂಡಿಗಿ ಜಾಗ ಎಲ್ಲದವಾ?"

ಬೇರೆ ದಿನವಾಗಿದ್ದರೆ ಎಲ್ಲರೂ ನಗುತ್ತಿದ್ದರು.

ಕಟ್ಟೆ ಬಿಟ್ಟುಬಿಡಲೇ ಎಂದು ಮೌನಮ್ಮ ಯೋಚಿಸಿದಳು. ಬಿಟ್ಟರೆ ಅದು ಸಾಯಬಮ್ಮನಿಗೆ ಹೋಗುವುದಿಲ್ಲ, ಇನ್ಯಾರೋ ಗುರುತಿಲ್ಲದವನಿಗೆ ಹೋಗುತ್ತದೆ. ಸೋಮವಾರ ಹೋಗಿ ಕೂತಳು. ಎದುರಿನ ರಸ್ತೆಯಲ್ಲಿ ಹಳೆಯ ಸಾಲು ಕೂತಿತ್ತು. ಆಟೋದಿಂದ ಅವಳ ಬುಟ್ಟಿ ಇಳಿಸಲು ಅಲ್ಲಿಂದ ಯಾರೂ ಎದ್ದು ಬರಲಿಲ್ಲ. ಅವಳ ಮೀನು ಸಂಜೆಯವರೆಗೂ ಗಟ್ಟಿಯಾಗಿಯೇ ಇತ್ತು.

ಹೋದದ್ದು ಹತ್ತು ಕಟ್ಟೆ, ಒಬ್ಬಳು ಗೆಳತಿ.