ಬೇಳೆ ನಮ್ಮದು, ಒಲೆ ಎಸ್ತರಳದು

ನನ್ನ ಅತ್ತೆ ವಿಜಯಮ್ಮನವರೂ ಪಕ್ಕದ ಮನೆಯ ಎಸ್ತರಳೂ ಹಳೆಯ ಸ್ನೇಹಿತೆಯರು. ಆದರೆ ಒಬ್ಬರ ಮನೆಯಲ್ಲಿ ಇನ್ನೊಬ್ಬರು ಒಂದು ತುತ್ತು ತಿಂದವರಲ್ಲ. ಅತ್ತೆಗೆ ಮಡಿ, ಎಸ್ತರ್ ಯಹೂದಿ, ಅವಳಿಗೆ ಕೋಷರ್ ಎಂಬ ತಮ್ಮ ಧರ್ಮದ ಊಟದ ಕಟ್ಟುಪಾಡು. ಈ ಪರದೇಶದಲ್ಲಿ, ಮರ್ಸರ್ ಐಲ್ಯಾಂಡಿನ ನಮ್ಮ ಬೇಲಿಯ ಮೇಲೆ ಆಚೆಯಿಂದ ಸೇಬು ಬರುತ್ತಿತ್ತು, ಈಚೆಯಿಂದ ಬಾಳೆಹಣ್ಣು ಹೋಗುತ್ತಿತ್ತು. ಬೇಯಿಸಿದ್ದು ಯಾವುದೂ ದಾಟುತ್ತಿರಲಿಲ್ಲ. ಅತ್ತೆಗೆ ಇಂಗ್ಲಿಷ್ ಬಾರದು, ಎಸ್ತರಳಿಗೆ ಕನ್ನಡ ಬಾರದು; ಇಬ್ಬರ ಮಾತನ್ನು ಅವರಿಗೂ ಇವರಿಗೂ ತಿಳಿಸುತ್ತ ಚಳಿಯಲ್ಲಿ ನಿಲ್ಲುವ ಕರ್ಮ ನನ್ನದು.

ಬಿಸ್ಕತ್ತಿನಲ್ಲಿ ಪ್ರಾಣಿಯ ಕೊಬ್ಬಿಲ್ಲವೆಂದು ತಿಳಿಯಲು ಪೊಟ್ಟಣದ ಮೇಲಿನ ಕೋಷರ್ ಗುರುತನ್ನು ಅತ್ತೆಗೆ ತೋರಿಸಿಕೊಟ್ಟವಳು ಎಸ್ತರ್. ಮೊಟ್ಟೆ ಇದೆಯೇ ಎಂದು ಮಾತ್ರ ಓದಿಯೇ ನೋಡಬೇಕು ಎಂದಿದ್ದಳು. ಅವಳ ಅಜ್ಜಿಯ ಕಾಲದಲ್ಲಿ, ಟರ್ಕಿಯ ಕಡಲ ದಂಡೆಯ ಊರಿನಲ್ಲಿ, ಅಚ್ಚಾದ ಗುರುತು ಎಲ್ಲಿಂದ ಬರಬೇಕು? ಹಾಲು ಕರೆಯುವಾಗ ಧರ್ಮಗುರುವಿನ ಕಡೆಯವನೊಬ್ಬ ಎದುರಿಗೇ ಕೂತಿರುತ್ತಿದ್ದನಂತೆ, ಆಮೇಲೆ ಚೀಸಿನ ಗಡ್ಡೆಗೆ ಮುದ್ರೆ ಒತ್ತುತ್ತಿದ್ದನಂತೆ. ಅತ್ತೆ ಮೆಚ್ಚಿ ತಲೆದೂಗಿದರು. ಎದುರಿಗೆ ಕೂತು ಕಾಯುವುದು ಅವರಿಗೂ ಚೆನ್ನಾಗಿ ಗೊತ್ತು. ಅವರು ಮಡಿಯಲ್ಲಿರುವಾಗ ಒಲೆ ಹಚ್ಚುವ ಭಾಗ್ಯ ಮದುವೆಯಾದಾಗಿನಿಂದ ನನಗೆ ಸಿಕ್ಕಿಲ್ಲ.

೨೦೧೯ರ ಫೆಬ್ರುವರಿಯಲ್ಲಿ ಎಸ್ತರಳ ಗಂಡ ತೀರಿಕೊಂಡ. ಮಣ್ಣು ಮಾಡಿ ಬರುವಷ್ಟರಲ್ಲಿ ಹಿಮ ಸುರಿಯತೊಡಗಿತು. ಅವಳನ್ನು ಮನೆಗೆ ಬಿಟ್ಟು ಊಟ ತರಲು ಹೋದವರು ದಾರಿಯಲ್ಲಿ ಸಿಕ್ಕಿಕೊಂಡರು. ಮಗನ ವಿಮಾನ ರದ್ದಾಯಿತು. ನಾವು ನೋಡಲು ಹೋದಾಗ ಅವಳು ಸೂತಕದವರು ಕೂರುವ ಗಿಡ್ಡ ಸ್ಟೂಲಿನ ಮೇಲೆ ಒಬ್ಬಳೇ ಕೂತಿದ್ದಳು. ಸಕ್ಕರೆ ಕಾಯಿಲೆಯವಳು, ಬೆಳಗಿನಿಂದ ಏನೂ ತಿಂದಿರಲಿಲ್ಲ, ಕೈ ನಡುಗುತ್ತಿತ್ತು. ಮಣ್ಣು ಮಾಡಿ ಬಂದ ಮೇಲಿನ ಮೊದಲ ಊಟ ತನ್ನದಾಗಿರಬಾರದು, ಬೇರೆಯವರು ಕೊಟ್ಟದ್ದಾಗಿರಬೇಕು ಎಂಬುದು ಅವಳ ನೇಮ. ಜೀವಕ್ಕಿಂತ ನೇಮ ಹೆಚ್ಚಾಯಿತೇ ಎಂದು ನಾನು ರೇಗಿದೆ. ಆದರೂ ತನ್ನ ಮನೆಯದನ್ನು ಮುಟ್ಟಲು ಅವಳು ಒಪ್ಪಲಿಲ್ಲ.

ಮನೆಯಲ್ಲಿ ಬಾಳೆಹಣ್ಣು ಮುಗಿದಿತ್ತು; ಬೇರೆ ಏನಾದರೂ ತರೋಣವೆಂದರೆ ನಮ್ಮ ಪಾತ್ರೆಯಲ್ಲಿ ಬೆಂದದ್ದು ಅವಳಿಗೆ ಆಗದು. ಅತ್ತೆ ನನ್ನ ಕಡೆ ತಿರುಗಿದರು.

"ಮಧುರಾ, ಬೇಳೆ ನಮ್ದು ತಂದು, ಅವಳ ಪಾತ್ರೇಲೇ ಬೇಯಿಸಿದ್ರೆ ಆಗತ್ತಾ ಕೇಳು."

ಆಗುತ್ತದೆ, ಸಾವಿನ ಮನೆಯಲ್ಲಿ ತಾವು ಬೇಳೆಯನ್ನೇ ಉಣ್ಣುವುದು ಎಂದಳು ಎಸ್ತರ್. ಆದರೆ ಅದು ಕೋಷರ್ ಆಗಬೇಕಾದರೆ ಒಲೆಯನ್ನು ಅವಳೇ ಹಚ್ಚಬೇಕು, ಪಾತ್ರೆಯನ್ನೂ ಅವಳೇ ಇಡಬೇಕು. ನಾನು ಹೆದರುತ್ತಲೇ ಅತ್ತೆಗೆ ಹೇಳಿದೆ. ಸಾವಿನ ಮನೆಯಲ್ಲಿ ಒಲೆ ಹಚ್ಚುವುದೇ ನಮ್ಮಲ್ಲಿಲ್ಲ; ಅತ್ತೆಯ ಅಡುಗೆಗೆ ಬೇರೆಯವರು ಬೆಂಕಿ ಹಚ್ಚುವ ಮಾತಂತೂ ಕೇಳಲೇಬೇಡಿ.

"ಹಚ್ಚಲಿ," ಅಂದರು ಅತ್ತೆ.

ನನಗೆ ಹೊಟ್ಟೆಕಿಚ್ಚಾಯಿತು. ಸುಳ್ಳೇಕೆ ಹೇಳಲಿ.

ನಾನು ಹಿಮ ತುಳಿದುಕೊಂಡು ಹೋಗಿ ಬಿಚ್ಚದ ಹೆಸರುಬೇಳೆಯ ಪೊಟ್ಟಣ ತಂದೆ. ಎಸ್ತರ್ ನೀಲಿ ಗುರುತಿನ ಪಾತ್ರೆ ತೆಗೆದಳು. ಮಾಂಸ ಎಂದೂ ಸೋಕದ, ಹಾಲಿಗೆಂದೇ ಇಟ್ಟ ಪಾತ್ರೆ. ಅವಳು ಒಲೆ ಹಚ್ಚಿ ಪಾತ್ರೆ ಇಟ್ಟಳು, ಅತ್ತೆ ಪಕ್ಕದಲ್ಲಿ ನಿಂತು ಅಂದಾಜಿನಲ್ಲಿ ಉಪ್ಪು ಹಾಕಿದರು. ದೇವರಿಗೆ ಇಡುವ ಅಡುಗೆಯನ್ನೇ ಮಾಡಿ ಅಭ್ಯಾಸ, ರುಚಿ ನೋಡುವವರಲ್ಲ.

ಬೇಳೆ ಬೆಂದಿತು. ಎಸ್ತರ್ ಚಮಚ ಎತ್ತಿದಳು, ಮತ್ತೆ ಕೆಳಗಿಟ್ಟಳು. ಮದುವೆಯಾದ ಮೇಲೆ ಈ ಮನೆಯಲ್ಲಿ ಒಬ್ಬಳೇ ಕೂತು ಉಂಡಿಲ್ಲ, ಈಗಲೂ ಆಗದು ಎಂದಳು. ನಾನು ಅದನ್ನು ಅತ್ತೆಗೆ ಹೇಳಿದೆ.

ಅತ್ತೆ ಸ್ಟೂಲಿನ ಪಕ್ಕ, ನೆಲದ ಮೇಲೆ ಕೂತರು.

"ನನಗೂ ಒಂದು ಸೌಟು ಹಾಕು."

ಪರರ ಮನೆಯಲ್ಲಿ ನೀರನ್ನೂ ಮುಟ್ಟದವರು. ಬಡಿಸುವಾಗ ನಾನು ಒಂದಿಷ್ಟು ಬೇಳೆ ಚೆಲ್ಲಿದೆ. ಅವರು ಒಂದು ತುತ್ತು ಬಾಯಿಗಿಟ್ಟು ಎಸ್ತರಳ ಮುಖ ನೋಡಿದರು. ಎಸ್ತರ್ ಚಮಚ ಎತ್ತಿದಳು. ಇಬ್ಬರೂ ತಟ್ಟೆ ಖಾಲಿ ಮಾಡಿದರು. ನಾನು ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ.

ಮನೆಗೆ ಬಂದವರೇ ಅತ್ತೆ ತಲೆಗೆ ನೀರು ಹಾಕಿಕೊಂಡರು. ಒದ್ದೆ ಕೂದಲು ಕೊಡವುತ್ತ ಹೊರಗೆ ಬಂದು ನನ್ನೆದುರು ನಿಂತರು.

"ಉಪ್ಪು ಕಮ್ಮಿಯಾಗಿತ್ತು ಕಣೆ. ಪಾಪ, ಅವಳು ಹೇಳಲೇ ಇಲ್ಲ. ನಾಳೆ ಸರಿಯಾಗಿ ಹಾಕ್ತೀನಿ."