ಯಾರೂ ಮುಟ್ಟದ ಕಂಪ್ಯೂಟರ್

ಗುಂಡಿ ಒತ್ತಿದರೆ ಫ್ಯಾನು ತಿರುಗಿತು, ಒಳಗಿನಿಂದ ಕುಂಯ್ ಕುಂಯ್ ಕುಂಯ್ ಎಂದಿತು, ಅಷ್ಟೇ. ಪರದೆ ಕಪ್ಪಗೇ ಇತ್ತು. ಪೂಜಿತಾ ಇನ್ನೊಮ್ಮೆ ಒತ್ತಿದಳು. ಮತ್ತದೇ ಕೂಗು.

ಚಿತ್ತವಾಡ್ಗಿಯ ಆ ಸ್ಟುಡಿಯೋದಲ್ಲಿ ಫೋಟೋ ತೆಗೆಯುವವನು ಗಂಡ ಹಾಲೇಶ, ಆಲ್ಬಮ್ ಮಾಡುವವಳು ಪೂಜಿತಾ. ಅವನು ಮದುಮಕ್ಕಳನ್ನು ಹಂಪಿಯ ಬಂಡೆಗಳ ಮೇಲೆ ನಿಲ್ಲಿಸಿ ಸಾವಿರಗಟ್ಟಲೆ ಕ್ಲಿಕ್ಕಿಸಿಕೊಂಡು ಬರುತ್ತಿದ್ದ. ಅಷ್ಟನ್ನೂ ಆರಿಸಿ, ಬಣ್ಣ ತಿದ್ದಿ, ಪುಟ ಕೂಡಿಸುವುದು ಇವಳ ಪಾಲು. ಯಾರೂ ಕಲಿಸಲಿಲ್ಲ, ತಾನೇ ಕಲಿತ ಕೆಲಸ. ಹಳೆಯ ಕಂಪ್ಯೂಟರು ಪುಟಪುಟಕ್ಕೂ ಮಲಗುತ್ತಿತ್ತೆಂದು ಹೊಸ ರ‍್ಯಾಮ್ ತರಿಸಿ, ನಿನ್ನೆ ಸಂಜೆ ಹಳೆಯ ರ‍್ಯಾಮಿನ ಪಕ್ಕದಲ್ಲಿ ತಾನೇ ಕೂರಿಸಿದ್ದಳು. ತೆಳ್ಳನೆಯ ಹಸಿರು ಪಟ್ಟಿ, ಅಂಚಿಗೆ ಚಿನ್ನದ ಬಣ್ಣದ ಹಲ್ಲುಗಳು. ಟಕ್ಕೆಂದು ಕೂತಿತ್ತು. ರಾತ್ರಿ ಮಲಗುವ ತನಕ ಯಂತ್ರ ಕುದುರೆಯ ಹಾಗೆ ಓಡಿತ್ತು, ಇವತ್ತು ನೋಡಿದರೆ ಹೀಗೆ.

"ಬ್ಯಾಡ ಬ್ಯಾಡ ಅಂದ್ರೂ ಡಬ್ಬಿ ಬಿಚ್ಚಿದಿ. ಈಗ ಅನುಭವಿಸು," ಎಂದರು ಮಾವ ಕೊಟ್ರಯ್ಯ. ಸ್ಟುಡಿಯೋ ಅವರು ಕಟ್ಟಿದ್ದು. ಅಲ್ಲಿ ಕೊನೆಯ ಮಾತು ಇವತ್ತಿಗೂ ಅವರದೇ.

"ನಿನ್ನಿ ಓಡಿತಲ್ರಿ ಮಾವಾರ, ನೀವಽ ನೋಡೀರಿ. ಬೆಳಿಗ್ಗಿ ನಾ ಅಡಿಗಿಮನ್ಯಾಗ ಇದ್ದಾಗ ಯಾರರ ಮುಟ್ಟೀರೇನ್ರಿ ಇದನ್ನ?"

"ಯಾರು ಮುಟ್ತಾರವ್ವ? ಯಾರೂ ಮುಟ್ಟಿಲ್ಲ."

"ರೀ, ನೀವು?"

ಹಾಲೇಶ ಕ್ಯಾಮೆರಾದ ಲೆನ್ಸನ್ನು ಬ್ರಷ್ಷಿನಿಂದ ಒರೆಸುತ್ತಿದ್ದ. ತಲೆಯೆತ್ತಲಿಲ್ಲ. "ನಾ ಯಾಕ ಮುಟ್ಲಿ? ನಿನ್ ಕಂಪ್ಯೂಟರ್ ನೀನಽ ನೋಡ್ಕ."

ಕೊಟ್ರಯ್ಯ ತೀರ್ಪು ಕೊಟ್ಟೇಬಿಟ್ಟರು. "ಸಂಜೀಕ ಕಂಪ್ಲಿ ರೇಣುಕಮ್ಮಾರು ಮಗಳ ಆಲ್ಬಮ್ ನೋಡಾಕ ಬರ್ತಾರ. ಏನ್ ತೋರ್ಸೋದು, ಕರೇ ಪರದೀನ? ಹಾಲೇಶ, ಮುರುಗೇಶಗ ಫೋನ್ ಹಚ್ಚು, ಬಂದು ಡಬ್ಬಿ ಎತ್ಕೊಂಡ್ ಹೋಗ್ಲಿ. ಇನ್ಮ್ಯಾಲೆ ಆಲ್ಬಮ್ ಕೆಲ್ಸಾನೂ ಅವಗಽ ಕೊಡಾಣ. ನೀ ಮನಿ ನೋಡ್ಕಂಡು ಹೋಗವ್ವ, ಸಾಕು."

ಮುರುಗೇಶ ಸ್ಟೇಷನ್ ರೋಡಿನಲ್ಲಿ ಕಂಪ್ಯೂಟರ್ ರಿಪೇರಿಯನ್ನೂ ಮಾಡುತ್ತಿದ್ದ, ಆಲ್ಬಮ್ಮನ್ನೂ ಮಾಡುತ್ತಿದ್ದ. ಈ ಸ್ಟುಡಿಯೋದ ಕೆಲಸದ ಮೇಲೆ ಅವನ ಕಣ್ಣು ಬಿದ್ದು ಬಹಳ ಕಾಲವಾಗಿತ್ತು. ಹಾಲೇಶ ಫೋನು ಹಚ್ಚಿ, ಹೆಂಡತಿ ಎದುರಿಗೇ ನಿಂತಿರುವಾಗ, "ನಮ್ಮಾಕಿ ಏನೋ ಬಿಚ್ಚಿ ಕೆಡ್ಸ್ಯಾಳಪ, ಜಲ್ದಿ ಬಾ," ಎಂದ.

ಪೂಜಿತಾಳಿಗೆ ಮೈಯೆಲ್ಲ ಉರಿದುಹೋಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ! ಊರ ಮದುವೆಗಳನ್ನೆಲ್ಲ ಚಂದ ಮಾಡಿಕೊಟ್ಟ ಕೈಗೆ ಒಂದೇ ಬೆಳಿಗ್ಗೆಯಲ್ಲಿ 'ಕೆಡಿಸುವ ಕೈ' ಅನ್ನಿಸಿಕೊಳ್ಳುವ ಹಣೆಬರಹವೇ? ಅವಳು ಪರದೆಯ ವೈರು ಬದಲಿಸಿದಳು. ಪ್ಲಗ್ಗನ್ನು ಬೇರೆ ಕಡೆ ಚುಚ್ಚಿದಳು. ಕೂಗು ಬದಲಾಗಲಿಲ್ಲ. ಈ ಯಂತ್ರ ಹೀಗೆ ಮೂರು ಸಲ ಕೂಗಿದರೆ ರ‍್ಯಾಮ್ ಕೈಗೆ ಸಿಗುತ್ತಿಲ್ಲವೆಂದು ಅರ್ಥ. ಅದು ಅವಳಿಗೆ ಗೊತ್ತಿತ್ತು. ಸ್ಕ್ರೂಡ್ರೈವರಿಗೆ ಕೈ ಚಾಚಿದಳು.

"ಮತ್ತ ಡಬ್ಬಿ ತೆಗಿಬ್ಯಾಡ! ಮುರುಗೇಶ ಬರ್ತಾನ," ಎಂದ ಹಾಲೇಶ. ಇಷ್ಟು ಹೊತ್ತು ಡಬ್ಬಿಯ ಕಡೆ ತಿರುಗಿಯೂ ನೋಡದವನಿಗೆ ಈಗೇಕೆ ಇಷ್ಟು ಅವಸರ? ಅವಳು ಪ್ಲಗ್ಗು ಕಿತ್ತು, ಮುಚ್ಚಳ ತೆಗೆದೇಬಿಟ್ಟಳು. ರ‍್ಯಾಮ್ ಪಟ್ಟಿಗಳನ್ನು ಹೊರಗೆಳೆದು ಬೆಳಕಿಗೆ ಹಿಡಿದಳು.

ಹೊಸದರ ಮೇಲೂ ಹಳೆಯದರ ಮೇಲೂ ಮೂರು ಬೆರಳಿನ ಈಬತ್ತಿ. ನಡುವೆ ಕುಂಕುಮದ ಬೊಟ್ಟು. ಒದ್ದೆ ಈಬತ್ತಿ ಕೆಳಗಿಳಿದು, ಚಿನ್ನದ ಹಲ್ಲುಗಳ ಮೇಲೆ ಸುಣ್ಣದ ಹಾಗೆ ಒಣಗಿ ಕೂತಿತ್ತು.

ಇವತ್ತು ಅಮಾವಾಸ್ಯೆ. ಪ್ರತಿ ಅಮಾವಾಸ್ಯೆಗೆ ಕ್ಯಾಮೆರಾ, ಸ್ಟ್ಯಾಂಡು, ಪ್ರಿಂಟರು, ಎಲ್ಲಕ್ಕೂ ಈ ಅಂಗಡಿಯಲ್ಲಿ ಪೂಜೆ. ಹೊಸದಾಗಿ ಬಂದದ್ದಕ್ಕಂತೂ ಬಿಡುವ ಮಾತೇ ಇಲ್ಲ.

"ಯಾರೂ ಮುಟ್ಟಿಲ್ಲ ಅಂದ್ರಲ್ರಿ ಮಾವಾರ?"

ಕೊಟ್ರಯ್ಯನವರಿಗೆ ನಿಜವಾಗಿಯೂ ಆಶ್ಚರ್ಯವಾಯಿತು. "ಅದು ಪೂಜಿ ಅಲ್ಲೇನವ್ವ? ಹೊಸಾದು ಬಂದ್ರ ಪೂಜಿ ಮಾಡಬ್ಯಾಡ? ಪೂಜಿ ಮಾಡಿದ್ರ ಮುಟ್ಟಿದಂಗ ಹೆಂಗಾಗ್ತದ?"

ಆ ಮುಖದಲ್ಲಿ ಕಪಟವಿರಲಿಲ್ಲ. ಅವರ ಮೇಲೆ ಸಿಟ್ಟು ಮಾಡಬೇಕೆಂದರೂ ಸಿಟ್ಟಿಗೆ ನಿಲ್ಲಲು ಜಾಗ ಸಿಗಲಿಲ್ಲ. ಆದರೆ ಪಟ್ಟಿಯ ಎರಡೂ ಬದಿಯ ಕೊಂಡಿ ಬಿಡಿಸಿ ಹೊರಗೆ ತೆಗೆಯುವುದು ಅವರ ಕೈಲಾಗುವ ಕೆಲಸವಲ್ಲ. ಪೂಜಿತಾ ಗಂಡನ ಕಡೆ ತಿರುಗಿದಳು. ಅವನು ಒರೆಸಿದ ಲೆನ್ಸನ್ನೇ ಇನ್ನೂ ಒರೆಸುತ್ತಿದ್ದ.

ಅವಳು ಅವನ ಕೈಯಿಂದ ಬ್ರಷ್ ಕಿತ್ತುಕೊಂಡಳು. ಪಟ್ಟಿ ಕೂರುವ ಸಂದಿಯನ್ನು ಅದರಿಂದ ಗುಡಿಸಿದಳು, ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಹೊಳೆಯುವ ತನಕ ಉಜ್ಜಿದಳು. ಪಟ್ಟಿಗಳನ್ನು ಒತ್ತಿ ಕೂರಿಸಿ, ಪ್ಲಗ್ಗು ಚುಚ್ಚಿ, ಗುಂಡಿ ಅದುಮಿದಳು. ಕುಂಯ್, ಒಂದೇ ಸಲ. ಪರದೆ ಬೆಳಗಿತು. ಸ್ವಲ್ಪ ಹೊತ್ತಿಗೆ ರೇಣುಕಮ್ಮನ ಮಗಳು ಹಂಪಿಯ ಬಂಡೆಯ ಮೇಲೆ ನಗುತ್ತಾ ಕಾಣಿಸಿಕೊಂಡಳು.

"ನೋಡ್ದೇನವ್ವ? ಪೂಜಿ ಸುಳ್ಳಾಗಂಗಿಲ್ಲ," ಎಂದರು ಕೊಟ್ರಯ್ಯ.

"ಆತಲ್ಲ, ಬಿಡಿನ್ನ," ಎಂದು ಹಾಲೇಶ ನಕ್ಕ.

"ಬಿಡಾಂಗಿಲ್ರಿ. ಮಾವಾರು ದೇವ್ರಿಗೆ ಅಂಜಿ ಮಾಡಿದ್ರು. ನೀವು ಯಾರಿಗೆ ಅಂಜಿ ಸುಮ್ನಿದ್ರಿ?"

"ಅಪ್ಪಾಜಿ ಮುಂದ ಹೆಂಗ..."

"ಅಪ್ಪಾಜಿ ಮುಂದ ನನ್ ಹೆಸ್ರು ಕೆಡ್ಸಾಕ ಬಾಯಿ ಬಂತಲ್ಲ? ಮುರುಗೇಶಗ ಫೋನ್ ಹಚ್ರಿ. ಯಾರು ಬಿಚ್ಚಿದ್ರು, ಯಾಕ ಕೆಡ್ತು, ನೀವಽ ಹೇಳ್ರಿ. ಮಾವಾರಿಗೆ ಕೇಳೋಹಂಗ ಹೇಳ್ರಿ."

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಬದುಕಿದವನಿಗೆ ಇವತ್ತು ಓಣಿ ಮುಗಿದಿತ್ತು. ಫೋನು ಹಚ್ಚಿದ. "ಮುರುಗೇಶ, ಬರಬ್ಯಾಡ. ಬಿಚ್ಚಿದ್ದು ಅಕಿ ಅಲ್ಲ, ನಾನು. ಅಮಾಸಿ ಪೂಜಿಗಂತ ಅಪ್ಪಾಜಿಗೆ ತೆಗ್ದು ಕೊಟ್ಟಿದ್ದೆ, ಈಬತ್ತಿ ಕೂತು ಕೆಟ್ಟಿತ್ತು. ಅಕೀನಽ ಸರಿ ಮಾಡಿದ್ಲು."

ಆ ಕಡೆಯ ನಗು ಅಂಗಡಿಯಲ್ಲೆಲ್ಲ ಕೇಳಿಸಿತು. ಕೊಟ್ರಯ್ಯ ತಮ್ಮ ಬಲಗೈಯ ಬೆರಳುಗಳನ್ನು ನೋಡಿಕೊಂಡರು. ಉಗುರಿನ ಸಂದಿಯಲ್ಲಿ ಈಬತ್ತಿ ಇನ್ನೂ ಇತ್ತು. "ಮೊದ್ಲಽ ಹೇಳಬೇಕಿತ್ತಲ್ಲಲೇ," ಎಂದರು ಮಗನಿಗೆ.

ತನಗೂ ಒಂದು ಮಾತು ಹೇಳುತ್ತಾರೆಂದು ಪೂಜಿತಾ ಕಾಯಲಿಲ್ಲ. ಮುಚ್ಚಳ ಹಾಕಿ, ಸ್ಕ್ರೂಗಳನ್ನು ಬಿಗಿಯಾಗಿ ತಿರುಗಿಸಿ, ಸ್ಕ್ರೂಡ್ರೈವರನ್ನು ತನ್ನ ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಮುಂದಿನ ಅಮಾಸಿಗೆ ಡಬ್ಬಿ ಮ್ಯಾಲೆ ಈಬತ್ತಿ ಹಚ್ರಿ ಮಾವಾರ," ಎಂದಳು. "ಒಳಗಿಂದು ನಂದು."