ಏಳೇ ವರ್ಷದ ಜೀತ

೨೦೧೩. ಎಜುಕೇಶನ್ ಹಿಲ್‌ನ ಶಾಲೆಯಲ್ಲಿ, ಅಮೆರಿಕದಲ್ಲಿ ಇಂಗ್ಲಿಷರು ಕಟ್ಟಿದ ಮೊದಲ ವಸಾಹತುಗಳ ಪಾಠ. ಹೋಂವರ್ಕಿನ ಆಟದಲ್ಲಿ ಪುಟ್ಟ ಮೈತ್ರಿ ಯಜಮಾನಿ. ಮನೆಯವರೊಬ್ಬರು ಅವಳ ಜೀತದಾಳಾಗಿ ಕರಾರುಪತ್ರಕ್ಕೆ ಸಹಿ ಹಾಕಬೇಕು.

ಹನ್ನೊಂದು ವರ್ಷಗಳಿಂದ ಗ್ರೀನ್ ಕಾರ್ಡಿಗೆ ಕಾಯುತ್ತಿದ್ದ ಅಪ್ಪ ಅಶ್ವತ್ಥನಾರಾಯಣ ಕನ್ನಡಕ ಏರಿಸಿ ಓದಿದ. ಒಬ್ಬನೇ ಧಣಿ, ಬಿಟ್ಟು ಹೋಗುವಂತಿಲ್ಲ. ವೀಸಾ ಕೊಡಿಸಿದ ಕಂಪನಿಯಲ್ಲಿ ಅದೆಲ್ಲ ಅವನಿಗೆ ಅಭ್ಯಾಸವೇ. ಮುಂದಿನ ಸಾಲಿಗೆ ಬೆಚ್ಚಿಬಿದ್ದ.

"ಏಳೇ ವರ್ಷಕ್ಕೆ ಬಿಡುಗಡೆನಾ? ಮೇಲೆ ಜಮೀನು ಬೇರೆ ಕೊಡ್ತಾರಾ?"

ತಕ್ಷಣ ಸಹಿ ಹಾಕಿ, ಪಾಸ್‌ಪೋರ್ಟಿನ ಜೆರಾಕ್ಸನ್ನೂ ಪಿನ್ ಮಾಡಿದ.

ಡಿಪೆಂಡೆಂಟ್ ವೀಸಾದವರು ದುಡಿಯುವಂತಿಲ್ಲವೆಂದು ಮನೆಯಲ್ಲೇ ಕೂತಿದ್ದ ಇಂಜಿನಿಯರ್ ಅಮ್ಮ ಅಲಮೇಲು ಅಡುಗೆಮನೆಯಿಂದ ಬಂದಳು.

"ಪುಟ್ಟಿ, ಜೀತದಾಳಿನ ಹೆಂಡ್ತಿ ಕೆಲಸ ಮಾಡಬಹುದಾ?"

"ಆಫ್‌ಕೋರ್ಸ್, ಅಮ್ಮ. ಶೀ ಹ್ಯಾಸ್ ಟು."

ಅಲಮೇಲು ಗಂಡನ ಕೈಯಿಂದ ಪೆನ್ನು ಕಿತ್ತುಕೊಂಡಳು.